ಮುರಗೋಡಕ್ಕೆ ಬರುವ ಪಾರ್ಸೆಲ್, ಮುರಗೋಡದಿಂದ ಹೊರಡದ ಪಾರ್ಸೆಲ್

ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿ ಭಾರತಕ್ಕೆ ಹೊಸದಲ್ಲ. ಅಂಚೆ ಇಲಾಖೆ 1877ರಲ್ಲೇ ವಿ.ಪಿ.ಪಿ. ಸೇವೆ ಆರಂಭಿಸಿತ್ತು. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ತಂದ ಕಟ್ಟನ್ನು ರೊಕ್ಕ ಎಣಿಸಿಕೊಟ್ಟು ಬಿಡಿಸಿಕೊಳ್ಳುವುದು ಹಳ್ಳಿಗಳಿಗೂ ಗೊತ್ತಿತ್ತು. ಬೆಂಗಳೂರಿನ ಕೋರಮಂಗಲದಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಶುರುವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಇದೇ ಹಳೆಯ ನಂಬಿಕೆಗೆ ಮರಳಿತು. ವಸ್ತು ತಲುಪಿದ ಮೇಲೆ ಹಣ ಪಡೆಯುವ ಆ ಏರ್ಪಾಡು ಇಲ್ಲದಿದ್ದರೆ ಆನ್‌ಲೈನ್ ಖರೀದಿ ಕಾರ್ಡು ಇದ್ದ ನಗರವಾಸಿಗಳಲ್ಲೇ ಉಳಿಯುತ್ತಿತ್ತು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ–ಯರಗಟ್ಟಿ ದಾರಿಯ ಮುರಗೋಡದಂಥ ಊರುಗಳಿಗೆ ಈ ವ್ಯಾಪಾರ ಮುಟ್ಟಲು ಇನ್ನೂ ಕೆಲವು ವರ್ಷ ಬೇಕಾದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಅದೇ ವರ್ಷ ಯುಪಿಐ ಬಂತು, ನವೆಂಬರಿನಲ್ಲಿ ನೋಟು ರದ್ದಾಯಿತು. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ತೆರೆದುಕೊಂಡವು. ಆ ಕನ್ನಡ ಹಲವೆಡೆ ಯಂತ್ರಾನುವಾದದ ತೊಡಕಿನದು, ಆದರೂ ಇಂಗ್ಲಿಷ್ ಬಾರದವರಿಗೆ ಬಾಗಿಲು ತೆರೆದದ್ದು ಅದೇ. ಈಗ ಕೋಲಾರ ಜಿಲ್ಲೆಯ ಮಾಲೂರಿನಂಥ ಕಡೆ ಇರುವ ದೊಡ್ಡ ಗೋದಾಮುಗಳಿಂದ ಹೊರಟ ಸರಕು ಮೂರ್ನಾಲ್ಕು ಕಡೆ ವಿಂಗಡಣೆಯಾಗಿ, ಕೊನೆಗೆ ಬೈಕಿನ ಹಿಂದಿನ ಚೀಲದಲ್ಲಿ ಊರು ಸೇರುತ್ತದೆ. ಪಿನ್‌ಕೋಡ್ ಊರಿನವರೆಗೆ ಮಾತ್ರ ದಾರಿ ತೋರಿಸುತ್ತದೆ. ಮುಂದೆ ಮಠದ ಹಿಂದಿನ ಓಣಿ, ಕಬ್ಬಿನ ಗದ್ದೆ ದಾಟಿದ ತೋಟದ ಮನೆ ಎಂದು ಫೋನಿನಲ್ಲಿ ಕೇಳಿಯೇ ಹುಡುಗರು ಮನೆ ಹುಡುಕಬೇಕು.

ಊರಿನ ಕಿರಾಣಿ ಅಂಗಡಿ ಇದರಿಂದ ಮುಚ್ಚುತ್ತದೆ ಎಂಬ ಭಯ ಅರ್ಧ ಮಾತ್ರ ನಿಜ. ಬಟ್ಟೆ, ಚಪ್ಪಲಿ, ಮೊಬೈಲು, ಮಿಕ್ಸರ್ ಮಾರುವ ಅಂಗಡಿಗಳಿಗೆ ಪೆಟ್ಟು ಬಿದ್ದಿದೆ. ಗಿರಾಕಿ ಅಂಗಡಿಗೆ ಬಂದು ವಸ್ತು ಮುಟ್ಟಿ ನೋಡಿ, ಅಲ್ಲೇ ನಿಂತು ಮೊಬೈಲಿನಲ್ಲಿ ದರ ಹೋಲಿಸುತ್ತಾನೆ. ಆದರೆ ಜೋಳ, ಹತ್ತಿ, ಕಬ್ಬಿನ ನಾಡಿನಲ್ಲಿ ದುಡ್ಡು ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಕಬ್ಬಿನ ಬಿಲ್ಲು ತಡವಾದರೆ ಎಣ್ಣೆ, ಸಕ್ಕರೆ, ಬೇಳೆಯನ್ನು ಉದ್ರಿ ಕೊಟ್ಟು ಸುಗ್ಗಿಯವರೆಗೆ ಕಾಯುವವನು ಊರಿನ ಅಂಗಡಿಯವನೇ. ಮನೆತನದ ಮುಖ ನೋಡಿ ಸಾಲ ಬರೆಯುವ ಆ ವಹಿಗೆ ಸಮನಾದದ್ದನ್ನು ಯಾವ ಆ್ಯಪೂ ಇನ್ನೂ ಕಟ್ಟಿಲ್ಲ.

ವಸ್ತು ಕೆಟ್ಟದ್ದು ಬಂದರೆ ಜಗಳವಾಡಲು ಎದುರಿಗೆ ಮನುಷ್ಯನಿಲ್ಲ ಎಂಬುದು ಹಳ್ಳಿಯ ಗ್ರಾಹಕನ ದೊಡ್ಡ ಕೊರತೆ. 2020ರ ಇ–ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ತಿಂಗಳೊಳಗೆ ಬಗೆಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಮುರಗೋಡದವರು ಬೆಂಗಳೂರಿಗೆ ಅಲೆಯಬೇಕಿಲ್ಲ, ಬೆಳಗಾವಿ ಸಾಕು. ಸಹಾಯವಾಣಿ 1915 ಇದೆ. ಈ ಹಕ್ಕುಗಳನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲು ಹೆಚ್ಚು ಖರ್ಚಾಗದು.

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಬೇರೆ. ಪಾರ್ಸೆಲ್‌ಗಳು ಒಳಗೆ ಬರುತ್ತವೆ, ಹೊರಗೆ ಹೋಗುವುದು ತೀರ ಕಡಿಮೆ. ರಾಮದುರ್ಗ, ಸುರೇಬಾನದ ನೇಕಾರರ ಸೀರೆ, ಗೋಕಾಕದ ಕರದಂಟು, ಸೀಮೆಯ ಬೆಲ್ಲ, ಜೋಳದ ಕಟಕ್ ರೊಟ್ಟಿ: ದೂರದ ಗಿರಾಕಿ ಇಷ್ಟಪಟ್ಟು ಕೊಳ್ಳುವ ವಸ್ತು ಇಲ್ಲಿ ಬೇಕಾದಷ್ಟಿದೆ. ಅಡ್ಡಿಯಾದದ್ದು ನಿಯಮ. ವಹಿವಾಟು ಎಷ್ಟೇ ಚಿಕ್ಕದಾದರೂ ಜಿಎಸ್‌ಟಿ ನೋಂದಣಿ ಇಲ್ಲದೆ ಆನ್‌ಲೈನ್ ಮಾರುಕಟ್ಟೆಯಲ್ಲಿ ಸರಕು ಮಾರುವಂತಿರಲಿಲ್ಲ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ವಿನಾಯಿತಿ ಸಿಕ್ಕಿತು, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ.

ಈ ಷರತ್ತು ಗಡಿಜಿಲ್ಲೆಯನ್ನು ಹಿಂಡಿದಷ್ಟು ಬೇರೆ ಜಿಲ್ಲೆಯನ್ನು ಹಿಂಡುವುದಿಲ್ಲ. ಬೆಂಗಳೂರು ಇಲ್ಲಿಂದ ಸುಮಾರು 500 ಕಿಲೋಮೀಟರ್. ಕೊಲ್ಹಾಪುರ, ಸಾಂಗ್ಲಿ, ಗೋವಾ ಅದಕ್ಕಿಂತ ಬಹಳ ಹತ್ತಿರ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಬರುವ ಭಕ್ತರಲ್ಲಿ ಮಹಾರಾಷ್ಟ್ರದವರು ಅಸಂಖ್ಯ. ಅವರಲ್ಲಿ ಕೊಲ್ಹಾಪುರದ ಹೆಣ್ಣುಮಗಳೊಬ್ಬಳು ಮನೆಗೆ ಮರಳಿ ಆ್ಯಪಿನಲ್ಲಿ ರಾಮದುರ್ಗದ ಸೀರೆ ಕೇಳಿದರೆ ನೇಕಾರನಿಗೆ ನೋಂದಣಿ ಬೇಕು. ಅದೇ ಸೀರೆ ದೂರದ ಬೀದರಿಗೆ ಹೋಗುವುದಾದರೆ ಬೇಡ. ಕೈಮಗ್ಗದ ಬಟ್ಟೆಯಂಥ ಕರಕುಶಲ ವಸ್ತುಗಳನ್ನು ಆ್ಯಪಿನ ಹಂಗಿಲ್ಲದೆ ನೇರವಾಗಿ ಹೊರರಾಜ್ಯಕ್ಕೆ ಮಾರುವ ಸಣ್ಣವರಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ವಿನಾಯಿತಿ 2017ರಿಂದಲೂ ಇದೆ. ಆ್ಯಪಿನ ಮೂಲಕ ಮಾರುವವರಿಗೂ ಅದೇ ಮಿತಿಯನ್ನು ವಿಸ್ತರಿಸುವುದು ಜಿಎಸ್‌ಟಿ ಮಂಡಳಿಗೆ ಕಷ್ಟದ ಕೆಲಸವಲ್ಲ. ಸಾಗಣೆಗೆ ಹೊಸ ಜಾಲ ಕಟ್ಟಬೇಕಿಲ್ಲ, ದೇಶದ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹೆಚ್ಚಿನವು ಹಳ್ಳಿಗಳಲ್ಲೇ ಇವೆ. ಕಟ್ಟು ಕಟ್ಟುವುದು, ಫೋಟೊ ತೆಗೆದು ಆ್ಯಪಿಗೆ ಏರಿಸುವುದು, ಲೆಕ್ಕ ಇಡುವುದು, ಇವಿಷ್ಟನ್ನು ಕಲಿಸುವ ಕೆಲಸವನ್ನು ನೇಕಾರರ ಸಹಕಾರ ಸಂಘಗಳು ಮತ್ತು ಮಹಿಳಾ ಸ್ವಸಹಾಯ ಸಂಘಗಳು ಈಗಲೇ ಕೈಗೆತ್ತಿಕೊಳ್ಳಬಹುದು.