ಅಟ್ಟದಿಂದ ಇಳಿದ ಕ್ಯಾಮೆರಾ

ಹಬ್ಬದ ಮುನ್ನ ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುವುದು ನಮ್ಮ ಮನೆಗಳ ವಾಡಿಕೆ. ಹಿತ್ತಾಳೆಯ ತಂಬಿಗೆ, ಹಳೆಯ ಪಂಚಾಂಗಗಳು, ಅಜ್ಜನ ರುಮಾಲು, ಇವುಗಳ ನಡುವೆ ಚರ್ಮದ ಚೀಲದೊಳಗೆ ಒಂದು ಕ್ಯಾಮೆರಾ ಇರುವುದೂ ಅಪರೂಪವಲ್ಲ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಅದನ್ನು ಕೇಳುವವರೇ ಇರಲಿಲ್ಲ. ಗುಜರಿಯವನು ಕೆಟ್ಟ ರೇಡಿಯೋದೊಡನೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದನು. ಈಗ ಕಾಲ ತಿರುಗಿದೆ. ಕಾಲೇಜಿಗೆ ಹೋಗುವ ಮೊಮ್ಮಕ್ಕಳು ಅದನ್ನು ಕೈಗೆತ್ತಿಕೊಂಡು, "ಅಜ್ಜಾ, ಇದು ಇನ್ನೂ ನಡೀತದೇನು?" ಎಂದು ಕೇಳುತ್ತಿದ್ದಾರೆ. ಹಿರಿಯರ ಪ್ರಶ್ನೆ ಬೇರೆ: "ಇದಕ್ಕೆ ಎಷ್ಟು ಬೆಲೆ ಬಂದೀತು?" ಈ ಎರಡು ಪ್ರಶ್ನೆಗಳನ್ನು ಓದುಗ ಬಂಧುಗಳೊಡನೆ ಈ ತಿಂಗಳು ವಿಚಾರ ಮಾಡಬೇಕೆಂದು ನಮಗೆ ತೋರಿತು. ಇನ್ನೊಂದು ಪ್ರಶ್ನೆಯೂ ಉಂಟು. ಅದನ್ನು ಕೇಳುವವರು ಕಡಿಮೆಯಾದುದರಿಂದ ಕೊನೆಗೆ ನಾವೇ ಕೇಳಲಿದ್ದೇವೆ.

ಮೊದಲು ಬೆಲೆಯ ಮಾತು. 2022ರ ಜೂನ್ ತಿಂಗಳಿನಲ್ಲಿ ಜರ್ಮನಿಯ ವೆಟ್ಜ್ಲಾರ್ ಪಟ್ಟಣದಲ್ಲಿ ಒಂದು ಹಳೆಯ ಲೈಕಾ ಕ್ಯಾಮೆರಾ 1 ಕೋಟಿ 44 ಲಕ್ಷ ಯೂರೋಗಳಿಗೆ ಹರಾಜಾಯಿತು. ಈ ಸುದ್ದಿ ಕಿವಿಗೆ ಬಿದ್ದ ಮೇಲೆ ಅಟ್ಟದ ಟ್ರಂಕನ್ನು ಎರಡು ಬಾರಿ ತಡಕಿದವರೂ ಇರಬಹುದು. ಆದರೆ ಅದು ಲೈಕಾವನ್ನು ರೂಪಿಸಿದ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ ಕ್ಯಾಮೆರಾ; 1925ರಲ್ಲಿ ಲೈಕಾ ಮಾರುಕಟ್ಟೆಗೆ ಬರುವುದಕ್ಕೆ ಮೊದಲೇ ಪರೀಕ್ಷೆಗೆಂದು ತಯಾರಿಸಿದ ಕೆಲವೇ ಕ್ಯಾಮೆರಾಗಳಲ್ಲಿ ಒಂದು. ನಮ್ಮ ಮನೆಗಳಲ್ಲಿ ಇರುವುದು ಅಂಥದಲ್ಲ. ಲೈಕಾ ಎಂಬ ಹೆಸರನ್ನು ಕಂಡೊಡನೆ ಹಿಗ್ಗುವುದೂ ತರವಲ್ಲ. ಸೋವಿಯತ್ ದೇಶದ ಫೆಡ್ ಮತ್ತು ಜೋರ್ಕಿ ಕ್ಯಾಮೆರಾಗಳ ಮೇಲೆ ಲೈಕಾ ಹೆಸರನ್ನು ಕೆತ್ತಿ ಮಾರುವ ದಂಧೆ ಬಹಳ ಹಿಂದಿನಿಂದಲೂ ನಡೆದು ಬಂದಿದೆ.

ನಮ್ಮ ಅಟ್ಟಗಳಲ್ಲಿ ಹೆಚ್ಚಾಗಿ ದೊರೆಯುವುದು ಆಗ್ಫಾ ಕ್ಲಿಕ್ 3. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಸಂಸ್ಥೆಯವರು ಇದನ್ನು ತಯಾರಿಸಿದರು. ಕಪ್ಪು ಮೈ, ಒಂದೇ ಸರಳ ಮಸೂರ, ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಬ್ಯಾಟರಿಯ ಗೊಡವೆಯೇ ಇಲ್ಲ. 120 ಎಂಬ ಅಗಲವಾದ ರೀಲನ್ನು ಹಾಕಿದರೆ ಚೌಕಾಕಾರದ 12 ಚಿತ್ರಗಳು. ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕೆ ಕಾಣುವವರೆಗೆ ಗುಂಡಿಯನ್ನು ತಿರುಗಿಸುತ್ತ ಹೋಗಬೇಕು. ತಿರುಗಿಸುವುದನ್ನು ಮರೆತರೆ ಜಾತ್ರೆಯ ತೇರಿನ ಮೇಲೆಯೇ ಸೋದರತ್ತೆಯ ಮುಖ ಮೂಡುತ್ತಿತ್ತು. ಅಂಥ ಚಿತ್ರಗಳನ್ನು ಕಂಡು ನಕ್ಕ ಮನೆಗಳು ಎಷ್ಟೋ! ಅನಂತರದ ಕಾಲದಲ್ಲಿ ಜಪಾನಿನ ಯಾಶಿಕಾ, ರಷ್ಯಾದ ಜೆನಿಟ್, 1980ರ ದಶಕದಲ್ಲಿ ಹಾಟ್ ಶಾಟ್ ಎಂಬ ಪುಟ್ಟ ಕ್ಯಾಮೆರಾ ಇವೆಲ್ಲ ನಮ್ಮ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕವು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಗೊಂಡ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯ 'ಇಂದು' ಹೆಸರಿನ ಕಪ್ಪು ಬಿಳುಪು ರೀಲುಗಳೂ ಅಂಗಡಿಗಳಲ್ಲಿ ದೊರೆಯುತ್ತಿದ್ದವು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಈ ಬಗೆಯ ಕ್ಯಾಮೆರಾಗಳು ಲಕ್ಷಗಟ್ಟಲೆ ತಯಾರಾದವುಗಳಾದುದರಿಂದ ಮಾರಿದರೆ ದೊಡ್ಡ ಮೊತ್ತವೇನೂ ಬಾರದು. ಮಾರಿ ಬರುವ ಹಣ ಒಂದು ಒಳ್ಳೆಯ ಸೀರೆಗೂ ಸಾಲದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಹಾಗಾದರೆ ಅವುಗಳ ಮೌಲ್ಯವೆಲ್ಲಿದೆ? ನಮ್ಮ ಅಭಿಪ್ರಾಯದಲ್ಲಿ ಅದು ಆ ಹನ್ನೆರಡು ಎಂಬ ಅಂಕೆಯಲ್ಲಿದೆ. ಹನ್ನೆರಡೇ ಚಿತ್ರಗಳೆಂದ ಮೇಲೆ ಯಾರನ್ನು ತೆಗೆಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ಮನೆಯ ಹಿರಿಯರು ಮೊದಲೇ ನಿಶ್ಚಯಿಸುತ್ತಿದ್ದರು. ಮದುವೆಯಾದರೆ ಮೊದಲನೆಯದು ಪಾದಪೂಜೆಗೆ ದಯಮಾಡಿಸಿದ ಸ್ವಾಮಿಗಳದು, ಎರಡನೆಯದು ವಧೂವರರದು, ಆಮೇಲೆ ಬೀಗರು. ದೂರದೂರಿನಿಂದ ಬಂದ ದೊಡ್ಡಮ್ಮನಿಗೆ ಒಂದು ಉಳಿಯಿತೆಂದರೆ ಅವಳ ಪುಣ್ಯ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿ ಬಾಗಿಲ ಹಿಂದೆ ಸರಿಯುತ್ತಿದ್ದ ಅಜ್ಜಿಯರೂ ಇದ್ದರು.

ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೊಂದು ರೂಢಿಯನ್ನು ಬಲ್ಲವರು ಬಲ್ಲರು. ಹಿರಿಯರು ಲಿಂಗೈಕ್ಯರಾದಾಗ ಅವರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹೂಮಾಲೆಗಳಿಂದ ಅಲಂಕರಿಸಿ, ಸುತ್ತಲೂ ಮನೆಯವರೆಲ್ಲ ಕುಳಿತು ಪೇಟೆಯಿಂದ ಕರೆಸಿದ ಛಾಯಾಗ್ರಾಹಕನಿಂದ ಒಂದು ಚಿತ್ರ ತೆಗೆಸುತ್ತಿದ್ದರು. ಬದುಕಿದ್ದಾಗ ಒಮ್ಮೆಯೂ ಕ್ಯಾಮೆರಾದ ಮುಂದೆ ಕೂರದಿದ್ದ ಎಷ್ಟೋ ಅಜ್ಜ ಅಜ್ಜಿಯರ ಏಕೈಕ ಚಿತ್ರ ಅದೇ ಆಗಿರುತ್ತಿತ್ತು. ಇಂದಿಗೂ ಗೋಡೆಯ ಮೇಲೆ ಗಂಧದ ಹಾರದೊಳಗಿಂದ ನಮ್ಮನ್ನು ನೋಡುವ ಮುಖಗಳಲ್ಲಿ ಕೆಲವು ಅಂಥ ಚಿತ್ರದಿಂದಲೇ ಕತ್ತರಿಸಿ, ಮುಚ್ಚಿದ ಕಣ್ಣನ್ನು ಕುಂಚದಿಂದ ತೆರೆಸಿ ದೊಡ್ಡದು ಮಾಡಿಸಿದವುಗಳು.

ಹಳೆಯದೆಲ್ಲ ಚಿನ್ನವೆಂದು ನಾವು ಹೇಳುತ್ತಿಲ್ಲ. ಹನ್ನೆರಡರ ಮಿತಿಯಿಂದ ಘನತೆ ಬಂದಂತೆ ಅನ್ಯಾಯವೂ ಆಯಿತು. ರೊಟ್ಟಿ ಬಡಿಯುವ ತಾಯಿಯನ್ನು, ಹೊಲದಿಂದ ಬಂದು ಕಾಲು ತೊಳೆಯುವ ತಂದೆಯನ್ನು, ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುವ ಅಜ್ಜಿಯನ್ನು ಚಿತ್ರಕ್ಕೆ ತಕ್ಕವರೆಂದು ಮನೆಯ ಕ್ಯಾಮೆರಾ ಎಣಿಸಲೇ ಇಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರಂತಹ ಛಾಯಾಗ್ರಾಹಕರು ಸಾಮಾನ್ಯ ಜನರ ದಿನನಿತ್ಯದ ಬದುಕಿಗೆ ಕ್ಯಾಮೆರಾ ಹಿಡಿದರು; 1977ರಲ್ಲಿ ಅವರಿಗೆ ಪದ್ಮಶ್ರೀ ಗೌರವವೂ ಸಂದಿತು. ಆದರೆ ಮನೆಮನೆಯ ಅಡುಗೆಮನೆಗೆ ಚಿತ್ರವನ್ನು ತಂದದ್ದು ಕೈಯಲ್ಲಿನ ಮೊಬೈಲ್ ಫೋನೇ ಸರಿ. ಅದರ ಉಪಕಾರವನ್ನು ಮರೆತು ಮಾತನಾಡುವುದು ನ್ಯಾಯವಲ್ಲ.

ಇನ್ನು ಮೊಮ್ಮಕ್ಕಳ ಪ್ರಶ್ನೆ. ನಡೆಯುತ್ತದೆ, ನೋಡಿಕೊಂಡರೆ ಬಹುಕಾಲ ನಡೆಯುತ್ತದೆ. ಕೊಡಾಕ್ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದಾಗ ರೀಲಿನ ಯುಗ ಮುಗಿಯಿತೆಂದು ಬಹಳ ಮಂದಿ ತಿಳಿದರು. ಹಾಗಾಗಲಿಲ್ಲ. ರೀಲುಗಳು ಇಂದಿಗೂ ತಯಾರಾಗುತ್ತಿವೆ. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ರೀಲು ಹಾಕುವ ಹೊಸ ಕ್ಯಾಮೆರಾವೇ ಹೊರಬಂದಿತು. ಆದರೆ ತರುಣರು ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು. ಹಳೆಯ ಕ್ಯಾಮೆರಾ ಅಗ್ಗ, ರೀಲು ದುಬಾರಿ. ಬಣ್ಣದ ಒಂದು ರೀಲಿಗೇ ಸಾವಿರ ರೂಪಾಯಿಯ ಆಸುಪಾಸು ಬೇಕಾಗುತ್ತದೆ. ತೊಳೆಸುವ ಖರ್ಚು ಬೇರೆ.

ಭಾನುವಾರದ ಸಂತೆಯಲ್ಲಿ, ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವವರು ಮಸೂರದೊಳಗೆ ಟಾರ್ಚಿನ ಬೆಳಕು ಬಿಟ್ಟು ನೋಡಬೇಕು. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು ಮತ್ತು ಕರಾವಳಿಯ ತೇವದಲ್ಲಿ ಮುಚ್ಚಿಟ್ಟ ಕ್ಯಾಮೆರಾಗಳಿಗೆ ಇದು ಸಾಮಾನ್ಯ. ಶಟರಿನ ವೇಗವನ್ನು ಬದಲಿಸುವ ಸೌಕರ್ಯವಿದ್ದರೆ ಒಂದು ಸೆಕೆಂಡಿಗೆ ಇಟ್ಟು ಒತ್ತಿ ನೋಡಬೇಕು. ಒಳಗಿನ ಎಣ್ಣೆ ಗಟ್ಟಿಯಾಗಿದ್ದರೆ ಅದು ನಡುವೆಯೇ ತಡೆದು ನಿಲ್ಲುತ್ತದೆ. ಹಿಂಬಾಗಿಲಿನ ಅಂಚಿನ ಸ್ಪಂಜು ಡಾಂಬರಿನಂತೆ ಕರಗಿದ್ದರೆ ಬೆಳಕು ನುಸುಳುತ್ತದೆ. ಇದರ ದುರಸ್ತಿ ಸುಲಭ. ಕೆಲವು ಯಾಶಿಕಾಗಳಿಗೆ ಹಾಕುತ್ತಿದ್ದ ಪಾದರಸದ ಬ್ಯಾಟರಿ ಈಗ ಮಾರುಕಟ್ಟೆಯಲ್ಲಿಲ್ಲ. ಬದಲಿ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿಯೇ ಹಣ ಕೊಡತಕ್ಕದ್ದು.

ಈಗ ಯಾರೂ ಕೇಳದ ಪ್ರಶ್ನೆ: ಆ ಕ್ಯಾಮೆರಾದ ಒಳಗೆ ಏನಿದೆ?

ಅಮೆರಿಕದ ಷಿಕಾಗೋ ನಗರದಲ್ಲಿ ವಿವಿಯನ್ ಮಾಯರ್ (1926-2009) ಎಂಬ ಹೆಣ್ಣುಮಗಳು ಶ್ರೀಮಂತರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಬಿಡುವಿನಲ್ಲಿ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಬೀದಿಯ ಜನರ ಚಿತ್ರ ತೆಗೆಯುತ್ತಿದ್ದಳು, ಯಾರಿಗೂ ತೋರಿಸಲಿಲ್ಲ. ಬಾಡಿಗೆ ಕಟ್ಟದ ಕಾರಣ 2007ರಲ್ಲಿ ಅವಳ ಪೆಟ್ಟಿಗೆಗಳು ಹರಾಜಾದವು. ಕೊಂಡವರು ತೆರೆದು ನೋಡಿದರೆ ರಾಶಿ ರಾಶಿ ನೆಗೆಟಿವ್‌ಗಳು, ತೊಳೆಯದೆಯೇ ಉಳಿದ ನೂರಾರು ರೀಲುಗಳು. ಇಂದು ಅವಳನ್ನು ಆ ಶತಮಾನದ ದೊಡ್ಡ ಛಾಯಾಗ್ರಾಹಕರ ಸಾಲಿನಲ್ಲಿ ಎಣಿಸುತ್ತಾರೆ. ಪೆಟ್ಟಿಗೆಗಳು ತಿಪ್ಪೆಗೆ ಹೋಗಿದ್ದರೆ ಅವಳ ಹೆಸರೂ ಹೋಗುತ್ತಿತ್ತು.

ರೀಲಿನ ಮೇಲೆ ಲೇಪಿಸಿದ ಬೆಳ್ಳಿಯ ಲವಣಗಳಿಗೆ ಬೆಳಕು ತಗುಲಿದೊಡನೆ ಕಣ್ಣಿಗೆ ಕಾಣದ ಒಂದು ಅಚ್ಚು ಮೂಡುತ್ತದೆ. ರಾಸಾಯನಿಕದಲ್ಲಿ ತೊಳೆದಾಗಲೇ ಅದು ಚಿತ್ರವಾಗುವುದು. ವರ್ಷಗಳು ಕಳೆದಂತೆ ಅದು ಮಸುಕಾಗುತ್ತದೆ. ಆದರೂ ಹಲವು ದಶಕಗಳ ಅನಂತರ ಮುಖಗಳು ಮೂಡಿಬಂದ ಉದಾಹರಣೆಗಳುಂಟು, ಅದರಲ್ಲಿಯೂ ಕಪ್ಪು ಬಿಳುಪಿನಲ್ಲಿ. ಆದುದರಿಂದ ಅಟ್ಟದ ಕ್ಯಾಮೆರಾ ಕೈಗೆ ಬಂದೊಡನೆ ಕುತೂಹಲದಿಂದ ಹಿಂಬಾಗಿಲನ್ನು ತೆರೆಯಬಾರದು. ಕ್ಲಿಕ್‌ನಂಥದಾದರೆ ಕೆಂಪು ಕಿಂಡಿಯಲ್ಲಿ ಅಂಕೆಯೋ ಕಾಗದವೋ ಕಾಣುತ್ತದೆಯೇ ನೋಡಿ, ಕಂಡರೆ ರೀಲು ಮುಗಿಯುವವರೆಗೆ ಸುತ್ತಬೇಕು. ಯಾಶಿಕಾ, ಜೆನಿಟ್‌ಗಳಲ್ಲಿ ಎಡಬದಿಯ ಹಿಂಸುತ್ತುವ ಗುಂಡಿಯನ್ನು ಮೆಲ್ಲನೆ ತಿರುಗಿಸಿದಾಗ ಬಿಗಿ ಹಿಡಿದರೆ ಒಳಗೆ ರೀಲಿದೆ ಎಂದು ಅರ್ಥ. ಸುತ್ತಲು ಬಾರದಿದ್ದರೆ ಹಾಗೆಯೇ ಕ್ಯಾಮೆರಾ ಸಮೇತ ಬಲ್ಲವರ ಕೈಗೆ ಕೊಡುವುದು ಲೇಸು. ರೀಲು ತೊಳೆಯುವ ಲ್ಯಾಬುಗಳು ಬೆಂಗಳೂರು, ಮುಂಬಯಿಗಳಲ್ಲಿ ಇಂದಿಗೂ ಇವೆ. ಕೊಡಾಕ್ರೋಮ್ ಎಂಬ ರೀಲಿನ ಬಣ್ಣವನ್ನು ತೆಗೆಯುವ ವಿಧಾನ ಮಾತ್ರ 2010ರ ಕೊನೆಗೆ ಜಗತ್ತಿನಲ್ಲಿಯೇ ನಿಂತುಹೋಯಿತು. ಅದನ್ನು ಕಪ್ಪು ಬಿಳುಪಾಗಿ ತೊಳೆಸಬಹುದು.

ಕ್ಯಾಮೆರಾವನ್ನು ಮಾರುವುದಾದರೆ ಮಾರಿ, ಆದರೆ ಅದರೊಡನೆ ಇರುವ ಕಾಗದದ ಲಕೋಟೆಗಳನ್ನು ಕೊಟ್ಟುಬಿಡಬೇಡಿ. ಅದರಲ್ಲಿರುವ ನೆಗೆಟಿವ್‌ಗಳೇ ಮೂಲ. ಪ್ರಿಂಟು ಹರಿದರೆ ಇನ್ನೊಂದು ಮಾಡಿಸಬಹುದು, ನೆಗೆಟಿವ್ ಹೋದರೆ ಹೋಯಿತು. ವಿನೆಗರಿನಂತೆ ಹುಳಿವಾಸನೆ ಬರುವವುಗಳನ್ನು ಬೇರೆ ಇಡಬೇಕು. ಅವು ಕೊಳೆಯತೊಡಗಿವೆ, ಪಕ್ಕದವುಗಳನ್ನೂ ಕೆಡಿಸುತ್ತವೆ. ಉಳಿದವನ್ನು ಕಾಗದದಲ್ಲಿ ಸುತ್ತಿ, ಟ್ರಂಕನ್ನು ಹಂಚಿನ ಕೆಳಗಿನ ಕಾವಿನಿಂದ ಇಳಿಸಿ ತಂಪಾದ ಒಣಗಿದ ಜಾಗದಲ್ಲಿಡಬೇಕು. ಊರಿನ ಹಳೆಯ ಸ್ಟುಡಿಯೋ ಬಾಗಿಲು ಹಾಕುವ ಸುದ್ದಿ ತಿಳಿದರೆ ಒಮ್ಮೆ ಹೋಗಿ ನಿಮ್ಮ ಮನೆತನದ ನೆಗೆಟಿವ್‌ಗಳಿವೆಯೇ ಎಂದು ಕೇಳಿರಿ.

ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಈ ಹಬ್ಬದಲ್ಲಿಯೇ ಆಲ್ಬಂ ತೆರೆದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಎರಡನೆಯ ಸಾಲಿನಲ್ಲಿ ಸೆರಗು ಹೊದ್ದು ನಿಂತ ಆ ಹೆಂಗಸು ಯಾರ ಸೊಸೆ, ಯಾವ ಊರಿನವಳು, ಅವಳ ಹೆಸರೇನು ಎಂದು ಕೇಳಿ ಚಿತ್ರದ ಹಿಂದೆ ಬರೆದಿಡಿ. ಬರೆಯುವುದಕ್ಕೆ ಮೆತ್ತನೆಯ ಪೆನ್ಸಿಲ್ ಸಾಕು. ಬಾಲ್ ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಗೆರೆಯಾಗಿ ಮೂಡುತ್ತದೆ.