ಒಡ್ಡೋಲಗದಿಂದ ಚೌಕಿಯವರೆಗೆ

ಆಟಿಯ ಮಳೆಗೆ ಸುಳ್ಯ, ಕಡಬದ ಕಡೆ ಈ ವಾರವೂ ಕರೆಂಟು ಹೋಯಿತು, ನೆಟ್‌ವರ್ಕೂ ಅದರ ಬೆನ್ನಿಗೇ ಹೊರಟಿತು. ಮಳೆ ಹೊಳವಾಗದೆ, ಅಡಿಕೆಗೆ ಔಷಧಿ ಬಿಡಲಾಗದೆ ಚಾವಡಿಯಲ್ಲಿ ಕುಳಿತವನಿಗೆ ಓ.ಎಲ್. ನಾಗಭೂಷಣ ಸ್ವಾಮಿಯವರು ಕನ್ನಡಕ್ಕೆ ತಂದ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ಎತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಮೊದಲ ನೂರು ಪುಟ ಸಾಕುಬೇಕಾಗುತ್ತದೆ: 1805ರ ಪೀಟರ್ಸ್‌ಬರ್ಗಿನ ದೊಡ್ಡಮನೆ, ಫ್ರೆಂಚ್ ಮಾತು, ಒಬ್ಬೊಬ್ಬರಿಗೂ ಮೂರು ಮೂರು ಹೆಸರು. ಆದರೆ ಇಡೀ ರಾತ್ರಿ ಯಕ್ಷಗಾನದ ಆಟ ನೋಡಿದವರಿಗೆ ಇದೇನು ಹೊಸತು? ಒಡ್ಡೋಲಗವೇ ಅಲ್ಲವೇ! ಕಾಲಮಿತಿಯ ಆಟದಲ್ಲಿ ಕಥೆ ಸಿಗುತ್ತದೆ. ಬೆಳಗಿನವರೆಗಿನ ಆಟದಲ್ಲಿ ತೂಕಡಿಕೆ, ನಡುರಾತ್ರಿಯ ಚಹಾ, ಚೆಂಡೆಯ ಪೆಟ್ಟಿಗೆ ದಡಬಡಿಸಿ ಏಳುವುದು ಎಲ್ಲ ಸೇರಿ ಪಾತ್ರ ಮೈಗೆ ಹತ್ತುತ್ತದೆ. ಬೊರೊಡಿನೊ ಕದನದ ವ್ಯೂಹಗಳ ನಡುವೆ ಕಣ್ಣು ಮುಚ್ಚಿದವನೂ ಆಂದ್ರೇಯ ಸಾವಿನ ಹೊತ್ತಿಗೆ ಎದ್ದು ಕೂತಿರುತ್ತಾನೆ. ಅಷ್ಟು ದಿನ ಜೊತೆಗಿದ್ದುದಕ್ಕೇ ಆ ಗಂಟಲು ಕಟ್ಟುವುದು. ತಮಾಷೆಯೆಂದರೆ, ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ಯಕ್ಷಗಾನದ ಮಾತನ್ನೇ ಕತ್ತರಿಸಿ ಬ್ಯಾಲೆ ಮಾಡಿದರು. ಕಾದಂಬರಿಗೆ ಬಂದಾಗ ಮಾತ್ರ ‘ಮರಳಿ ಮಣ್ಣಿಗೆ’ಯಲ್ಲಿ ಅವರಿಗೆ ಮೂರು ತಲೆಮಾರು ಬೇಕಾಯಿತು. ಟಾಲ್‌ಸ್ಟಾಯ್ ಅಂತೂ ಮಂಗಳ ಹಾಡಿದ ಮೇಲೂ ಬಿಡುವುದಿಲ್ಲ. ಕುಣಿದು ಲೋಕ ಮರೆಸಿದ್ದ ನತಾಶಾ 1820ರ ಉಪಸಂಹಾರದಲ್ಲಿ ಮೈ ಬಂದು, ನಾಲ್ಕು ಮಕ್ಕಳ ತಾಯಿಯಾಗಿ, ತಡವಾಗಿ ಬಂದ ಗಂಡನ ಮೇಲೆ ರೇಗುತ್ತಾಳೆ. ಓದುಗ ಅವಳನ್ನು ನೋಡುತ್ತ ನಿಲ್ಲುತ್ತಾನೆ, ಬೆಳಗಿನ ಜಾವ ಚೌಕಿಗೆ ಇಣುಕಿದ ಹುಡುಗ ಬಣ್ಣ ಒರೆಸಿಕೊಳ್ಳುತ್ತಿರುವ ಸ್ತ್ರೀವೇಷವನ್ನು ನೋಡುವ ಹಾಗೆ.