ನಮ್ಮ ಮಕ್ಕಳ ಮೊದಲ ಓದು: ಅಕ್ಷರವೆಲ್ಲಿ, ಅರ್ಥವೆಲ್ಲಿ?

ಮಕ್ಕಳ ಆರೋಗ್ಯವೆಂದೊಡನೆ ನಮ್ಮ ಗಮನ ತೂಕ, ಎತ್ತರ, ಹಲ್ಲು, ಚುಚ್ಚುಮದ್ದುಗಳ ಕಡೆಗೆ ಹರಿಯುವುದು ಸಹಜ. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ವೈದ್ಯ ಮಿತ್ರರು ಈ ವಿಷಯಗಳನ್ನು ಕುರಿತು ಬರೆಯುತ್ತ ಬಂದಿರುವುದು ಉಚಿತವೇ ಆಗಿದೆ. ಆದರೆ ಆರರಿಂದ ಒಂಬತ್ತು ವರ್ಷಗಳ ನಡುವೆ ಮಗುವಿನಲ್ಲಿ ಇನ್ನೊಂದು ಬೆಳವಣಿಗೆ ನಡೆಯಬೇಕಾಗಿದೆ. ಅದನ್ನು ತೂಗುವ ತಕ್ಕಡಿ ಯಾರ ಮನೆಯಲ್ಲಿಯೂ ಇಲ್ಲ. ಕುಂಠಿತವಾದರೆ ಜ್ವರದಂತೆ ಮೈಮೇಲೆ ಕಾಣಿಸಿಕೊಳ್ಳುವುದೂ ಇಲ್ಲ. ಅದೇ ಓದುವ ಶಕ್ತಿ.

ಮೊದಲ ಮೂರು ತರಗತಿಗಳಲ್ಲಿ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕನೆಯ ತರಗತಿಯಿಂದ ಮುಂದೆ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಓದಿನ ಮೂಲಕವೇ ಕಲಿಯಬೇಕಾಗುತ್ತದೆ. ಈ ತಿರುವಿನಲ್ಲಿ ಹಿಂದೆ ಬಿದ್ದ ಮಗು ಮುಂದಿನ ಪ್ರತಿಯೊಂದು ಪಾಠದಲ್ಲಿಯೂ ಹಿಂದೆ ಬೀಳುತ್ತ ಹೋಗುತ್ತದೆ. ಇದನ್ನು ಮನಗಂಡೇ ಕೇಂದ್ರ ಸರ್ಕಾರ 2021ರ ಜುಲೈ 5ರಂದು 'ನಿಪುಣ್ ಭಾರತ್' ಎಂಬ ಯೋಜನೆಯನ್ನು ಆರಂಭಿಸಿ, ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರತಿಯೊಂದು ಮಗುವೂ ಅರ್ಥವರಿತು ಓದಬೇಕೆಂಬ ಗುರಿಯನ್ನು ಇಟ್ಟಿತು. ಒಂದನೆಯ ತರಗತಿಯ ಕೊನೆಗೆ ನಾಲ್ಕೈದು ಸರಳ ಪದಗಳ ವಾಕ್ಯ, ಎರಡನೆಯದರಲ್ಲಿ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದರಲ್ಲಿ 60ಕ್ಕೆ ಕಡಮೆಯಿಲ್ಲದಷ್ಟು ಪದ ಎಂಬುದು ಅದರ ಅಳತೆಗೋಲು. ವಾಸ್ತವ ಸ್ಥಿತಿಯಾದರೂ ಏನು? 2024ರ 'ಅಸರ್' ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹಳ್ಳಿಗಳಲ್ಲಿ ಮೂರನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 27ರಷ್ಟು ಮಾತ್ರ.

ಅದು ಹಳ್ಳಿಯ ಮಾತು, ಮಹಾನಗರದ ಒಳ್ಳೆಯ ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಈ ಚಿಂತೆಯಿಲ್ಲ ಎಂದು ಯಾರಾದರೂ ಹೇಳಬಹುದು. ಈ ಸಮಾಧಾನವನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಅವಶ್ಯಕ.

ಓದು ಎಂಬುದು ಗುಣಾಕಾರ

ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಓದಿನ ಸ್ವರೂಪವನ್ನು ಒಂದು ಸರಳ ಲೆಕ್ಕದಲ್ಲಿ ಹೇಳಿದರು. ಅಕ್ಷರಗಳನ್ನು ಕೂಡಿಸಿ ಪದವನ್ನು ಉಚ್ಚರಿಸುವ ಶಕ್ತಿ ಒಂದು; ಕೇಳಿದ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವೆರಡರ ಗುಣಲಬ್ಧವೇ ಓದು. ಇದು ಸಂಕಲನವಲ್ಲ, ಗುಣಾಕಾರ ಎಂಬುದನ್ನು ಗಮನಿಸಬೇಕು. ಎರಡರಲ್ಲಿ ಯಾವುದೊಂದು ಸೊನ್ನೆಯಾದರೂ ಫಲ ಸೊನ್ನೆಯೇ.

ಈ ಲೆಕ್ಕವನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ಇಂಗ್ಲಿಷ್ ಮಾಧ್ಯಮದ ಎರಡನೆಯ ತರಗತಿಯ ಮಗು 'ಮೆಡೋ' ಎಂಬ ಪದವನ್ನು ತಡವರಿಸದೆ ಓದುತ್ತದೆ. ಆದರೆ ಆ ಪದವನ್ನು ಅದು ಮನೆಯಲ್ಲಿ ಕೇಳಿಲ್ಲ, ಆ ವಸ್ತುವನ್ನು ಕಂಡಿಲ್ಲ. ಅದೇ ಮಗುವಿಗೆ ಗದ್ದೆ ಗೊತ್ತು, ಹಿತ್ತಲು ಗೊತ್ತು. ಬೇಸಗೆಯ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಅಲ್ಲಿ ಓಡಾಡಿ ಬಂದಿದೆ. ಆದರೆ 'ಗದ್ದೆ' ಎಂದು ಬರೆದು ತೋರಿಸಿದರೆ ಅದಕ್ಕೆ ಅದು ಬರಿಯ ಚಿತ್ತಾರ. ಹೀಗೆ ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಅಕ್ಷರವಿದೆ, ಅರ್ಥ ಸಾಲದು. ಕನ್ನಡದಲ್ಲಿ ಅರ್ಥವಿದೆ, ಅಕ್ಷರವಿಲ್ಲ. ಎರಡು ಭಾಷೆಗಳಿದ್ದೂ ಒಂದರಲ್ಲಿಯೂ ಪೂರ್ಣವಾದ ಓದಿಲ್ಲದ ಈ ಸ್ಥಿತಿಯೇ ನನ್ನ ಆತಂಕಕ್ಕೆ ಕಾರಣ.

ಇದಕ್ಕೆ ನಮ್ಮ ಸಮಾರಂಭಗಳೂ ಸಾಕ್ಷಿ ನುಡಿಯುತ್ತವೆ. ರಾಜ್ಯೋತ್ಸವದ ವೇದಿಕೆಯ ಮೇಲೆ ನಮ್ಮ ಮಕ್ಕಳು ಕನ್ನಡ ಗೀತೆಗಳನ್ನು ಇಂಪಾಗಿ ಹಾಡುತ್ತಾರೆ. ಸಭಿಕರು ಕರತಾಡನ ಮಾಡುತ್ತಾರೆ. ಕೈಯಲ್ಲಿರುವ ಚೀಟಿಯಲ್ಲಿ ಆ ಗೀತೆ ಅನೇಕ ವೇಳೆ ಇಂಗ್ಲಿಷ್ ಅಥವಾ ದೇವನಾಗರಿ ಅಕ್ಷರಗಳಲ್ಲಿರುತ್ತದೆ. ಮಕ್ಕಳ ದೋಷ ಇದರಲ್ಲಿ ಎಳ್ಳಷ್ಟೂ ಇಲ್ಲ. ಕಂಠಪಾಠಕ್ಕೆ ಬಹುಮಾನವಿಟ್ಟು ಓದಿಗೆ ಇಡದ ಹಿರಿಯರ ವ್ಯವಸ್ಥೆಯ ಫಲವದು.

ನಮ್ಮ ಲಿಪಿಯ ದಾರಿ

ಕನ್ನಡ ಲಿಪಿಯನ್ನು ಕಲಿಸುವುದರಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ವರ್ಣಮಾಲೆಯ 49 ಅಕ್ಷರಗಳನ್ನು ಒಪ್ಪಿಸಿದರೆ ಓದು ಬಂದಂತೆ ಎಂಬುದು ಮೊದಲನೆಯದು. 34 ವ್ಯಂಜನಗಳಿಗೆ ಸ್ವರಗಳು ಸೇರಿದಾಗ ನಾನೂರಕ್ಕೂ ಮಿಕ್ಕಿ ಗುಣಿತಾಕ್ಷರಗಳಾಗುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು ಬೇರೆ. ಆದ್ದರಿಂದ ಆರು ತಿಂಗಳಲ್ಲಿ ಎಲ್ಲವೂ ಬರಬೇಕೆಂಬ ಆತುರ ಎರಡನೆಯ ತಪ್ಪು. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ನಮ್ಮ ಅಕ್ಷರಗಳ ಕಲಿಕೆ ಇಂಗ್ಲಿಷ್ ಅಕ್ಷರಗಳ ಕಲಿಕೆಗಿಂತ ಹೆಚ್ಚು ವರ್ಷಗಳನ್ನು ತೆಗೆದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟಿದೆ. ಇದು ಮಗುವಿನ ಮಂದಬುದ್ಧಿಯಲ್ಲ, ಲಿಪಿಯ ಸಹಜ ಗತಿ.

ಕರ್ನಾಟಕದ ಶಾಲೆಗಳಲ್ಲಿ ಅ, ಆ, ಇ, ಈ ಎಂಬ ಅನುಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಸುಲಭ ಗುಂಪಿನಿಂದ ಆರಂಭಿಸುವ ರೂಢಿ ಬಂದಿದೆ. ಐದೇ ಅಕ್ಷರಗಳಲ್ಲಿ ಸರ, ಅರಸ, ಗರಗಸ ಎಂದು ಮಗು ಮೊದಲ ವಾರಗಳಲ್ಲಿಯೇ ಪದಗಳನ್ನು ಓದುತ್ತದೆ. ಇದು ಅನುಸರಣೀಯ. ಇನ್ನೊಂದು ಮಾತು: ಒತ್ತಕ್ಷರ ಕಠಿಣವೆಂದು ನಾವು ಅದನ್ನು ಕೊನೆಗೆ ಇಟ್ಟಿರುತ್ತೇವೆ. ಆದರೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಹೀಗೆ ಮಗುವಿಗೆ ಅತ್ಯಂತ ಪ್ರಿಯವಾದ ಪದಗಳಲ್ಲೆಲ್ಲ ಒತ್ತಕ್ಷರವಿದೆ. ಅವುಗಳನ್ನು ಇಡಿಯ ಪದಗಳಾಗಿ ಮೊದಲೇ ತೋರಿಸಬಾರದೇಕೆ?

ಮುಂಬಯಿ, ಪುಣೆಗಳ ಮಕ್ಕಳಿಗೆ ಒಂದು ಅನುಕೂಲವೂ ಉಂಟು. ಮರಾಠಿಯ ಮೂಲಕ ದೇವನಾಗರಿಯನ್ನು ಕಲಿತ ಮಗುವಿಗೆ ವ್ಯಂಜನಕ್ಕೆ ಸ್ವರಚಿಹ್ನೆ ಸೇರುವ ಕ್ರಮ ಆಗಲೇ ತಿಳಿದಿದೆ. ಆದರೆ ಅದು 'ಪುಸ್ತಕ'ವನ್ನು 'ಪುಸ್ತಕ್' ಎಂದು ಓದುತ್ತದೆ. ಏಕೆಂದರೆ ಮರಾಠಿಯಲ್ಲಿ ಕೊನೆಯ ಅಕಾರ ಲೋಪವಾಗುತ್ತದೆ. 'ಕೆರೆ'ಗೂ 'ಕೇರೆ'ಗೂ, 'ಕೊಡು'ವಿಗೂ 'ಕೋಡು'ವಿಗೂ ವ್ಯತ್ಯಾಸ ಕಾಣದೆ ತಡವರಿಸುತ್ತದೆ. ಏಕೆಂದರೆ ಮರಾಠಿಯ ಬರಹದಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಯಿಲ್ಲ. 'ಸೂರ್ಯ'ದ ಅರ್ಕಾವತ್ತಿನ ರೂಪವೂ ಅದಕ್ಕೆ ಹೊಸದು. ಇಂಥ ನಾಲ್ಕಾರು ಎಡೆಗಳನ್ನು ಗುರುತಿಸಿ ಕಲಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಹೈದರಾಬಾದಿನ ಮಕ್ಕಳಿಗಂತೂ ತೆಲುಗು ಲಿಪಿ ಕನ್ನಡದ ಹೊಸ್ತಿಲವರೆಗೆ ತಂದು ಬಿಡುತ್ತದೆ.

ಮೂರು ವರ್ಷಗಳ ಗುರಿ

ನಮ್ಮ ಸಂಘಗಳ ಭಾನುವಾರದ ಕನ್ನಡ ತರಗತಿಗಳಿಗೆ ಸ್ಪಷ್ಟವಾದ ಗುರಿ ಬೇಕು. ಮೊದಲನೆಯ ವರ್ಷ, ಪರಿಚಿತ ಅಕ್ಷರಗಳಿಂದಾದ ಎರಡು ಮೂರಕ್ಷರದ ಪದಗಳು ಮತ್ತು ಚಿಕ್ಕ ವಾಕ್ಯಗಳು. ಎರಡನೆಯ ವರ್ಷ, ಗುಣಿತಾಕ್ಷರಗಳು, ಸಜಾತೀಯ ಒತ್ತಕ್ಷರಗಳು ಹಾಗೂ ಒಂದು ಪುಟದ ಕಥೆ. ಮೂರನೆಯ ವರ್ಷ, ವಿಜಾತೀಯ ಒತ್ತಕ್ಷರಗಳು, ಹಿಂದೆ ಕಾಣದ ಪುಟವೊಂದನ್ನು ಓದಿ ಸ್ವಂತ ಮಾತಿನಲ್ಲಿ ಹೇಳುವುದು ಮತ್ತು ಊರಿನ ಅಜ್ಜನಿಗೆ ನಾಲ್ಕು ಸಾಲಿನ ಪತ್ರ.

ಪರೀಕ್ಷೆಯೂ ಸರಳವಾಗಿರಲಿ. ಮಗು ಗಟ್ಟಿಯಾಗಿ ಓದಿದ ಮೇಲೆ ಮೂರು ಪ್ರಶ್ನೆ: ಏನಾಯಿತು, ಏಕೆ ಹಾಗಾಯಿತು, ನೀನಾಗಿದ್ದರೆ ಏನು ಮಾಡುತ್ತಿದ್ದೆ. ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕವನ್ನು ಕನ್ನಡಕ್ಕೆ ಕುರುಡಾಗಿ ಅನ್ವಯಿಸಬಾರದು. 'ಮನೆಯಲ್ಲಿದ್ದವರಿಗೆಲ್ಲ' ಎಂಬುದು ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದು ನಾಲ್ಕೈದು ಪದಗಳಾದೀತು.

ಎರಡು ಆಕ್ಷೇಪಗಳು

ಅನ್ನ ಕೊಡುವುದು ಇಂಗ್ಲಿಷ್, ಕನ್ನಡದ ಹೊರೆ ಮಗುವಿಗೇಕೆ ಎಂದು ಹಲವು ಪೋಷಕರು ಕೇಳುತ್ತಾರೆ. ಅವರ ಕಾಳಜಿ ನಿಜವಾದದ್ದು. ಆದರೆ ಬರಹದ ಹಿಂದೆ ಅರ್ಥವಿರುತ್ತದೆ, ಅದನ್ನು ಹುಡುಕಬೇಕು ಎಂಬ ಅರಿವು ಒಮ್ಮೆ ಬಂದರೆ ಅದು ಒಂದೇ ಭಾಷೆಗೆ ಸೀಮಿತವಾಗುವುದಿಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾದ ಓದು ಇನ್ನೊಂದಕ್ಕೆ ಆಧಾರವಾಗುತ್ತದೆ ಎಂಬ ವಿಚಾರವನ್ನು ಕೆನಡಾದ ಜಿಮ್ ಕಮ್ಮಿನ್ಸ್ 1979ರಲ್ಲಿಯೇ ಪ್ರತಿಪಾದಿಸಿದ್ದರು. ಅರ್ಥ ಕೈವಶವಿರುವ ಭಾಷೆಯಲ್ಲಿ ಓದಿನ ರುಚಿ ಹತ್ತಿದ ಮಗು, ಇಂಗ್ಲಿಷಿನಲ್ಲಿಯೂ ಅರ್ಥವಾಗದ ಪದವನ್ನು ದಾಟಿ ಹೋಗದೆ ನಿಂತು ಕೇಳುತ್ತದೆ.

ಎರಡನೆಯ ಆಕ್ಷೇಪ ಇನ್ನಷ್ಟು ಪ್ರಾಮಾಣಿಕವಾದುದು. ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅವರಿಗೆ ಕನ್ನಡವೇ ಅರ್ಥದ ಭಾಷೆ ಎಂದು ಹೇಳಲಾಗದು. ಆದರೆ ತುಳುವಿನ ಮುದ್ರಿತ ಸಾಹಿತ್ಯ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿದೆ. ಕರ್ನಾಟಕದ ಕೊಂಕಣಿಯೂ ಬ್ಯಾರಿಯೂ ಈ ಲಿಪಿಯನ್ನು ಬಳಸುತ್ತವೆ. ಹೀಗಾಗಿ ಆ ಮಕ್ಕಳಿಗೆ ಮನೆಮಾತಿನ ಪದಗಳನ್ನೇ ಕನ್ನಡ ಅಕ್ಷರದಲ್ಲಿ ಬರೆದು ಓದಿಸಿ, ಅಲ್ಲಿಂದ ಕನ್ನಡಕ್ಕೆ ಕರೆತರಬಹುದು.

ಮನೆ ಮತ್ತು ಸಂಘ

ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ವರ್ಷಕ್ಕೆ 40 ಭಾನುವಾರ ತರಗತಿ ನಡೆದರೆ 60 ಗಂಟೆ. ಮನೆಯಲ್ಲಿ ದಿನಕ್ಕೆ 15 ನಿಮಿಷ ಜೊತೆಗೂಡಿ ಓದಿದರೆ ವರ್ಷಕ್ಕೆ 90 ಗಂಟೆಗೂ ಹೆಚ್ಚು. ಆದ್ದರಿಂದ ಭಾರವೆಲ್ಲವೂ ಶಿಕ್ಷಕರದಲ್ಲ. ಶಾಲಾ ಇನ್ಸ್‌ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿಯೇ ಕಥೆ, ಹಾಡುಗಳನ್ನು ಬರೆದು ಈ ದಾರಿಯನ್ನು ಎಂದೋ ತೋರಿಸಿದ್ದಾರೆ. ಇಂದು 'ಪ್ರಥಮ್ ಬುಕ್ಸ್'ನವರ 'ಸ್ಟೋರಿವೀವರ್'ನಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ.

ಓದಲು ತೀರ ಕಷ್ಟಪಡುವ ಮಗುವನ್ನು ಸೋಮಾರಿಯೆಂದು ಗದರಿಸುವ ಮೊದಲು ಕಣ್ಣು, ಕಿವಿಗಳನ್ನು ಪರೀಕ್ಷೆ ಮಾಡಿಸಬೇಕು. ಅವು ಸರಿಯಿದ್ದೂ, ಅಭ್ಯಾಸವಿದ್ದೂ ಅಕ್ಷರ ಹಿಡಿಯದಿದ್ದರೆ ಕಲಿಕೆಯ ನಿರ್ದಿಷ್ಟ ತೊಂದರೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನು ಮಾನ್ಯ ಮಾಡಿದೆ. ತಜ್ಞರನ್ನು ಬೇಗ ಕಾಣುವುದರಲ್ಲಿ ನಾಚಿಕೆಯೇನೂ ಇಲ್ಲ.

ಕೊನೆಯದಾಗಿ ಒಂದು ಸೂಚನೆ. ಮುಂಬಯಿ ಮಹಾನಗರಪಾಲಿಕೆಯು ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಅಲ್ಲಿ ಕಲಿಯುವವರಲ್ಲಿ ಉತ್ತರ ಕರ್ನಾಟಕದಿಂದ ಕೂಲಿಗಾಗಿ ಬಂದವರ ಮಕ್ಕಳು ಬಹಳ. ನಮಗೆ ಕನ್ನಡದ ಓದು ಅಭಿಮಾನದ ಸಂಗತಿಯಾದರೆ, ಅವರಿಗೆ ಅದು ಸಕಲ ಪಾಠಗಳ ಬಾಗಿಲು. ನಮ್ಮ ಸಂಘಗಳ ನಿವೃತ್ತ ಹಿರಿಯರು ವಾರಕ್ಕೊಂದು ಗಂಟೆ ಅಲ್ಲಿಗೆ ಹೋಗಿ ಮಕ್ಕಳ ಪಕ್ಕದಲ್ಲಿ ಕುಳಿತು ಓದಿಸಿದರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಬೇರೆಯಿಲ್ಲ.

ಮುಂದಿನ ವಾರ್ಷಿಕೋತ್ಸವದ ಸ್ಪರ್ಧೆಗಳಲ್ಲಿ ವಾಚನ ಸ್ಪರ್ಧೆಯೊಂದು ಸೇರಲಿ. ಅದರಲ್ಲಿ ಮಗು ಹಿಂದೆ ಕಾಣದ ಪುಟವನ್ನು ಓದಲಿ. ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಲಿ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ, ಸಭಾಭವನವೂ ಬೇಕಿಲ್ಲ. ಕಾರ್ಯಕಾರಿ ಸಮಿತಿಯ ಒಂದು ನಿರ್ಣಯ, ಮನೆಯಲ್ಲಿ ದಿನಕ್ಕೆ ಕಾಲು ಗಂಟೆ, ಇಷ್ಟಿದ್ದರೆ ಸಾಕು.